ಈ ಪುಸ್ತಕ ಓದು ಅಂತ ನಿಮಗೆ ಹೇಳಿದ್ದು ಯಾರು?

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಅವಸರದಲ್ಲಿ ದಾಟಿಹೋದ ಹೆಸರು, ಇಸವಿಗಳನ್ನೆಲ್ಲ ಇಲ್ಲಿ ನಿಧಾನಕ್ಕೆ ಹಾಕಿದ್ದೀನಿ. ಆಫೀಸಿಗೆ ಹೋಗುವ ಟ್ರೈನಲ್ಲಿ ಓದಿಕೊಳ್ಳಬಹುದು.

ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ನೀವು ನಿಜವಾಗಿಯೂ ಕೊನೆಯ ಪುಟದವರೆಗೆ ಓದಿದ, ಇವತ್ತಿಗೂ ನೆನಪಿರುವ ಐದು ಕನ್ನಡ ಪುಸ್ತಕಗಳನ್ನು ಎಣಿಸಿ. ಈಗ ಒಂದೊಂದರ ಪಕ್ಕದಲ್ಲಿ, ಅದು ನಿಮ್ಮ ಕೈಗೆ ಹೇಗೆ ಬಂತು ಅಂತ ಬರೆಯಿರಿ. ಹೈಸ್ಕೂಲಿನ ಕನ್ನಡ ಮೇಷ್ಟ್ರು, ರಜೆಯಲ್ಲಿ ಅತ್ತೆ ಮನೆಯ ಕಪಾಟು, ಹಾಸ್ಟೆಲಿನ ರೂಮ್‌ಮೇಟ್, ಬಸ್ಸಿನಲ್ಲಿ ಪಕ್ಕ ಕೂತವರು. ನನ್ನ ಪಟ್ಟಿಯಲ್ಲಿ ಐದಕ್ಕೆ ಐದೂ ಹೀಗೇ ಬಂದವು. ಒಂದನ್ನೂ ನಾನಾಗಿ ಹುಡುಕಿ ಕಂಡುಕೊಂಡದ್ದಲ್ಲ.

ಊರು ಬಿಟ್ಟ ಮೇಲೆ ನಾವು ಕಳೆದುಕೊಳ್ಳುವುದು ಇದನ್ನೇ. ಚೆನ್ನೈ, ಪುಣೆ, ಹೈದರಾಬಾದು, ಡಲ್ಲಾಸು ಎಲ್ಲೇ ಇರಿ, ಪುಸ್ತಕವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಆದರೆ ‘ಇದನ್ನು ಓದು, ನಿನಗೆ ಹಿಡಿಸುತ್ತೆ’ ಅಂತ ಹೇಳುವ ಆ ಮೇಷ್ಟ್ರು, ಆ ಅತ್ತೆ ಕೊರಿಯರ್‌ನಲ್ಲಿ ಬರೋದಿಲ್ಲ. ಆ ಜಾಗವನ್ನು ಈಗ ಫೋನಿನ ಶಿಫಾರಸು ತುಂಬುತ್ತಿದೆ. ಅದು ಹೇಗೆ ತುಂಬುತ್ತಿದೆ, ಮೊದಲು ಈ ಕೆಲಸವನ್ನು ಯಾರು ಹೇಗೆ ಮಾಡುತ್ತಿದ್ದರು ಅನ್ನೋದು ಇವತ್ತಿನ ವಿಷಯ. ನಾನಿರುವುದು ಚೆನ್ನೈನ ಪೆರಂಬೂರಿನಲ್ಲಿ. ಈ ಕಥೆಯ ಬಹುಪಾಲು ಇದೇ ಊರಿನ ಸುತ್ತ ನಡೆದದ್ದು ಅನ್ನೋದು ನನಗೂ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಗಿದ್ದು.

ಹೆಸರು ಉಳಿಯಿತು, ಪುಸ್ತಕ ಹೋಯಿತು

1930ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಒಂದು ಕನ್ನಡ ಪುಸ್ತಕವನ್ನು ಅಚ್ಚು ಹಾಕಿಸಿತು. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಸಂಪಾದಿಸಿದ ‘ಕವಿರಾಜಮಾರ್ಗ’. ಅದಕ್ಕೂ ಮೊದಲು 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಮೈಸೂರು ಸರ್ಕಾರದ ಗ್ರಂಥಮಾಲೆಯಲ್ಲಿ ತಂದಿದ್ದರು. ಕನ್ನಡದಲ್ಲಿ ಇವತ್ತು ಸಿಗುವ ಅತ್ಯಂತ ಹಳೆಯ ಕೃತಿ ಇದೇ ಅಂತ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಕಾಲ ಸುಮಾರು ಕ್ರಿ.ಶ. 850, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನ, ಬರೆದವನು ಶ್ರೀವಿಜಯ.

ಪರೀಕ್ಷೆಗೆ ಬರದ ಒಂದು ಸಂಗತಿ ಅದರೊಳಗಿದೆ. ಕಾವ್ಯ ಹೇಗಿರಬೇಕು ಅಂತ ಹೇಳುವಾಗ ಗ್ರಂಥಕಾರ ತನಗಿಂತ ಹಿಂದಿನವರ ಹೆಸರು ಕೊಡುತ್ತಾನೆ. ಗದ್ಯಕ್ಕೆ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು. ಪದ್ಯಕ್ಕೆ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು. ಇದರಲ್ಲಿ ಯಾವುದು ಹೆಸರು, ಯಾವುದು ಬಿರುದು, ವಿಮಲೋದಯ ಒಬ್ಬನೋ ಇಬ್ಬರೋ ಅಂತ ವಿದ್ವಾಂಸರು ನೂರು ವರ್ಷದಿಂದ ಜಗಳ ಆಡ್ತಾನೇ ಇದ್ದಾರೆ. ಆ ಜಗಳ ಪಕ್ಕಕ್ಕಿಡೋಣ. ನಮ್ಮ ದೃಷ್ಟಿಯಿಂದ ನೋಡಿದರೆ ಇದು ಕನ್ನಡದ ಮೊದಲ ‘ಇವರನ್ನು ಓದಿ’ ಪಟ್ಟಿ.

ಆ ಪಟ್ಟಿಯಲ್ಲಿರುವ ಗದ್ಯಕಾರರ ಒಂದೇ ಒಂದು ಕನ್ನಡ ಪುಸ್ತಕವೂ ನಮಗೆ ಸಿಕ್ಕಿಲ್ಲ. ತಾಳೆಗರಿ ಹೋಯಿತು, ಹುಳ ತಿಂದಿತು, ಪ್ರತಿ ಮಾಡುವವರು ಇರಲಿಲ್ಲ. ಶಿಫಾರಸು ಸಾವಿರದ ನೂರಾ ಎಪ್ಪತ್ತು ವರ್ಷ ಬದುಕಿತು, ಶಿಫಾರಸು ಮಾಡಿದ ವಸ್ತು ಬದುಕಲಿಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಲಿಂಕ್ ಇದೆ, ಪೇಜ್ ಇಲ್ಲ.

ಹಾಗಾಗಿ ಮೊದಲ ಪಾಠ ಇದು: ಬರೀ ಹೆಸರು ಹೇಳಿದರೆ ಸಾಲದು.

ಸಾವಿರ ಪ್ರತಿ ಬರೆಸಿದ ಹೆಂಗಸು

ನೂರೈವತ್ತು ವರ್ಷದ ಆಚೆಗೆ ಬನ್ನಿ. ಹತ್ತನೇ ಶತಮಾನದ ಕೊನೆ. ಪೊನ್ನ ಬರೆದ ‘ಶಾಂತಿಪುರಾಣ’ ಎಂಬ ಕಾವ್ಯ ಇತ್ತು. ಅದನ್ನು ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಮಲ್ಲಪನ ಮಗಳು ಅತ್ತಿಮಬ್ಬೆ. ಆಕೆ ತನ್ನ ಅಪ್ಪ ಬರೆಸಿದ ಆ ಕಾವ್ಯ ಮರೆಯಾಗಬಾರದು ಅಂತ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ‘ದಾನಚಿಂತಾಮಣಿ’ ಅಂತ ಆಕೆಗೆ ಬಿರುದು ಬಂದದ್ದು ಸುಮ್ಮನೆ ಅಲ್ಲ. 993ರಲ್ಲಿ ರನ್ನ ‘ಅಜಿತಪುರಾಣ’ ಬರೆದದ್ದೂ ಆಕೆಯ ಆಶ್ರಯದಲ್ಲೇ. ಲಕ್ಕುಂಡಿಗೆ ಹೋದರೆ ಆಕೆ ಕಟ್ಟಿಸಿದ ಬಸದಿ ಇವತ್ತೂ ನಿಂತಿದೆ.

ಸಾವಿರ ಪ್ರತಿ ಅಂದರೆ ಪ್ರಿಂಟರ್ ಬಟನ್ ಒತ್ತೋದಲ್ಲ. ಗರಿ ಕಡಿಯಬೇಕು, ಬೇಯಿಸಬೇಕು, ಒಣಗಿಸಬೇಕು, ಕಂಠದಿಂದ ಕೊರೆಯಬೇಕು, ಮಸಿ ಬಳಿಯಬೇಕು. ಒಂದೊಂದು ಪ್ರತಿಗೂ ಒಬ್ಬ ಲಿಪಿಕಾರ ವಾರಗಟ್ಟಲೆ ಕೂರಬೇಕು. ‘ಈ ಪುಸ್ತಕ ಚೆನ್ನಾಗಿದೆ, ಓದಿ’ ಅನ್ನುವ ಮಾತಿಗೆ ಅತ್ತಿಮಬ್ಬೆ ಇಷ್ಟು ದುಡ್ಡು ಸುರಿದಳು. ‘ಶಾಂತಿಪುರಾಣ’ ನಮಗೆ ಇವತ್ತು ಓದೋಕೆ ಸಿಗುತ್ತೆ. ಜಯಬಂಧುವಿನ ಗದ್ಯ ಸಿಗೋದಿಲ್ಲ.

ಇನ್ನೊಂದು ದಾರಿಯೂ ಇತ್ತು. ಹದಿಮೂರನೇ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲಕ್ಕೆ ಮಲ್ಲಿಕಾರ್ಜುನ ಎಂಬಾತ ‘ಸೂಕ್ತಿಸುಧಾರ್ಣವ’ ಅಂತ ಒಂದು ಸಂಕಲನ ಮಾಡಿದ. ವ್ಯಾಕರಣ ಬರೆದ ಕೇಶಿರಾಜನ ಅಪ್ಪ ಈತ. ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ಜೋಡಿಸಿದ್ದಾನೆ. ಈತ ತನಗೆ ಹಿಡಿಸಿದ್ದನ್ನು ಪೂರ್ತಿಯಾಗಿ ಎತ್ತಿ ತೋರಿಸಿದ್ದರಿಂದ, ಒಂದನೇ ಗುಣವರ್ಮನ ‘ಶೂದ್ರಕ’, ‘ಹರಿವಂಶ’ದಂಥ ಕಳೆದುಹೋದ ಕಾವ್ಯಗಳ ಕೆಲವು ಪದ್ಯಗಳನ್ನಾದರೂ ವಿದ್ವಾಂಸರು ಇಂಥ ಸಂಕಲನಗಳಿಂದ ಹೆಕ್ಕಿಕೊಂಡರು.

ಕುಂಭಕೋಣದ ಮುನ್ಸೀಫರು ಕೇಳಿದ ಪ್ರಶ್ನೆ

ಈಗ ತಮಿಳಿನ ಒಂದು ಕಥೆ. ಚೆನ್ನೈನಲ್ಲಿ ಇರುವ ಕನ್ನಡಿಗರು ಇದನ್ನು ತಿಳಿದಿರಲೇಬೇಕು.

1880ರ ಅಕ್ಟೋಬರ್ 21. ಕುಂಭಕೋಣ. ಉ.ವೇ. ಸ್ವಾಮಿನಾಥ ಅಯ್ಯರ್ ಎಂಬ ಇಪ್ಪತ್ತೈದರ ಹರೆಯದ ತಮಿಳು ಪಂಡಿತರು ಆಗಷ್ಟೇ ಅಲ್ಲಿನ ಸರ್ಕಾರಿ ಕಾಲೇಜಿಗೆ ಸೇರಿದ್ದರು. ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೈ ಅವರ ಶಿಷ್ಯ ಅಂದರೆ ಆ ಕಾಲಕ್ಕೆ ದೊಡ್ಡ ಡಿಗ್ರಿ. ಊರಿಗೆ ಹೊಸದಾಗಿ ಬಂದ ಮುನ್ಸೀಫರು ಸೇಲಂ ರಾಮಸ್ವಾಮಿ ಮುದಲಿಯಾರ್. ಅವರನ್ನು ನೋಡೋಕೆ ಇವರು ಹೋದರು. ಏನೇನು ಓದಿದ್ದೀರಿ ಅಂತ ಅವರು ಕೇಳಿದರು. ಇವರು ಅಂದಾದಿ, ಪಿಳ್ಳೈತಮಿಳ್, ಕೋವೈ, ಸ್ಥಳಪುರಾಣ ಅಂತ ಉದ್ದಕ್ಕೆ ಹೇಳುತ್ತಾ ಹೋದರು. ಮುದಲಿಯಾರರ ಮುಖದಲ್ಲಿ ಏನೂ ಬದಲಾಗಲಿಲ್ಲ. ಇದನ್ನೆಲ್ಲ ಓದಿ ಏನು ಬಂತು ಅನ್ನುವ ಧಾಟಿಯಲ್ಲಿ ಕೇಳಿ, ‘ಜೀವಕ ಚಿಂತಾಮಣಿ’ ಓದಿದ್ದೀರಾ, ‘ಶಿಲಪ್ಪದಿಕಾರಂ’ ಓದಿದ್ದೀರಾ, ‘ಮಣಿಮೇಖಲೈ’ ಓದಿದ್ದೀರಾ ಅಂತ ವಿಚಾರಿಸಿದರು. ಅಯ್ಯರ್ ಓದಿರಲಿಲ್ಲ. ಅವರ ಗುರುಗಳ ಪಾಠದಲ್ಲೂ ಅವು ಇರಲಿಲ್ಲ.

ಮುದಲಿಯಾರ್ ಅಲ್ಲಿಗೇ ಬಿಡಲಿಲ್ಲ. ತಮ್ಮ ಹತ್ತಿರ ಇದ್ದ ‘ಚಿಂತಾಮಣಿ’ಯ ಕೈಬರಹದ ಪ್ರತಿಯನ್ನೇ ಅಯ್ಯರ್ ಕೈಗೆ ಕೊಟ್ಟರು. ಅದು ಜೈನ ಕಾವ್ಯ. ಪಾರಿಭಾಷಿಕ ಪದಗಳು ಅರ್ಥವಾಗದೆ ಇದ್ದಾಗ ಅಯ್ಯರ್ ಕುಂಭಕೋಣದ ಜೈನರ ಮನೆಗಳಿಗೆ ಹೋಗಿ ಕೇಳಿಕೊಂಡರು. ಶೈವ ಮಠದಲ್ಲಿ ಪಾಠ ಕಲಿತ ಬ್ರಾಹ್ಮಣ ಪಂಡಿತ ಜೈನ ಗೃಹಸ್ಥರ ಮುಂದೆ ವಿದ್ಯಾರ್ಥಿಯಾಗಿ ಕೂತರು. 1887ರಲ್ಲಿ ‘ಜೀವಕ ಚಿಂತಾಮಣಿ’ ಅಚ್ಚಾಯಿತು. 1892ರಲ್ಲಿ ‘ಶಿಲಪ್ಪದಿಕಾರಂ’, 1898ರಲ್ಲಿ ‘ಮಣಿಮೇಖಲೈ’. 1903ರಲ್ಲಿ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಬೆಸೆಂಟ್ ನಗರದಲ್ಲಿ ಅವರ ಹೆಸರಿನ ಗ್ರಂಥಾಲಯ ಇದೆ.

ಇದಕ್ಕೆ ಒಂದು ಬಾಲ ಇದೆ, ಅದು ನಮ್ಮ ಮೈಸೂರಿನವರದ್ದು. ಅಯ್ಯರ್ 1937ರಲ್ಲಿ ‘ಕುರುಂತೊಗೈ’ ಸಂಪಾದಿಸಿದರು. 1962ರಲ್ಲಿ ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಇನ್ನೂ ಕ್ಯಾಟಲಾಗ್ ಆಗದ ಹಳೆಯ ಪುಸ್ತಕಗಳ ರಾಶಿಯಲ್ಲಿ, ಆ ಪುಸ್ತಕವನ್ನು ಕಂಡರು. ಅದರಿಂದ 1967ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂತು, ಸಂಗಂ ಕಾವ್ಯ ಜಗತ್ತಿಗೆ ಗೊತ್ತಾಯಿತು. ಕುಂಭಕೋಣದ ಮುನ್ಸೀಫರೊಬ್ಬರು ಒಂದು ದಿನ ಕೇಳಿದ ಪ್ರಶ್ನೆ ಎಂಬತ್ತೆರಡು ವರ್ಷದ ಮೇಲೆ ಶಿಕಾಗೋದ ನೆಲಮಾಳಿಗೆ ತಲುಪಿತ್ತು.

ಮುದಲಿಯಾರ್ ಮಾಡಿದ ಕ್ರಮ ನೋಡಿ. ಮೊದಲು ಎದುರಿಗಿದ್ದವರು ಏನು ಓದಿದ್ದಾರೆ ಅಂತ ಕೇಳಿದರು. ಆಮೇಲೆ ಅವರಿಗೆ ಗೊತ್ತಿಲ್ಲದ್ದನ್ನು ಹೇಳಿದರು. ಕೊನೆಗೆ ಪ್ರತಿಯನ್ನೂ ಕೊಟ್ಟರು. ಮೂರೂ ಸೇರಿದಾಗಲೇ ಕೆಲಸ ಆಯಿತು.

ಗಣಿತದ ಮೇಷ್ಟ್ರು ಕಟ್ಟಿದ ವ್ಯವಸ್ಥೆ

ಎಲ್ಲ ಊರಲ್ಲೂ ಒಬ್ಬ ಮುದಲಿಯಾರ್ ಇರೋದಿಲ್ಲವಲ್ಲ. ಹಾಗಾದರೆ ಇದನ್ನು ವ್ಯವಸ್ಥೆ ಮಾಡೋದು ಹೇಗೆ? ಇಂಜಿನಿಯರ್ ತಲೆಗೆ ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಟ್ಟವರೂ ಮದ್ರಾಸಿನವರೇ, ಅವರೂ ಗಣಿತದವರೇ.

ಎಸ್.ಆರ್. ರಂಗನಾಥನ್ ಶೀರ್ಕಾಳಿಯವರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಮೇಷ್ಟ್ರಾದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಸುಮ್ಮನೆ ಕೂತು ಬೇಜಾರಾಗಿ, ವಾಪಸ್ ಪಾಠಕ್ಕೇ ಹಾಕಿ ಅಂತ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋದದ್ದು ಅವರ ಜೀವನದ ಪ್ರಸಿದ್ಧ ಪ್ರಸಂಗ. ಮೊದಲು ಇಂಗ್ಲೆಂಡಿಗೆ ಹೋಗಿ ಬಾ, ಆಮೇಲೆ ನೋಡೋಣ ಅಂದರು. ಅಲ್ಲಿ ಗ್ರಂಥಾಲಯಗಳನ್ನು ಸುತ್ತಿ ನೋಡಿ ಬಂದ ಮೇಲೆ ಅವರು ಆ ಕುರ್ಚಿಯನ್ನು ಇಪ್ಪತ್ತು ವರ್ಷ ಬಿಡಲಿಲ್ಲ.

1931ರಲ್ಲಿ ಅವರ ‘ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು’ ಎಂಬ ಇಂಗ್ಲಿಷ್ ಪುಸ್ತಕವನ್ನು ಮದ್ರಾಸ್ ಗ್ರಂಥಾಲಯ ಸಂಘ ಪ್ರಕಟಿಸಿತು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು, ಗ್ರಂಥಾಲಯ ಬೆಳೆಯುವ ಜೀವ. ಇಷ್ಟೇ. ಈ ಸೂತ್ರಗಳನ್ನು ಹುಡುಕುತ್ತಾ ತಲೆ ಕೆಡಿಸಿಕೊಂಡಿದ್ದಾಗ, ಮೊದಲನೆಯದನ್ನು ಬಾಯಿಗೆ ತಂದುಕೊಟ್ಟವರು ಅವರ ಗಣಿತದ ಗುರು ಎಡ್ವರ್ಡ್ ರಾಸ್. ಸೂತ್ರಗಳ ಮೊದಲ ಸಾಲೂ ಇನ್ನೊಬ್ಬರು ಹೇಳಿದ್ದೇ!

ಎರಡನೆಯದು ಮತ್ತು ಮೂರನೆಯದು ಒಂದೇ ಮಾತಿನ ಹಾಗೆ ಕಾಣುತ್ತೆ, ಆದರೆ ಅಲ್ಲ. ಎರಡನೆಯದು ಓದುಗನ ಕಡೆಯಿಂದ: ನನಗೆ ಬೇಕಾದದ್ದು ಸಿಗಬೇಕು. ಮೂರನೆಯದು ಪುಸ್ತಕದ ಕಡೆಯಿಂದ: ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಈ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆ, ಅವನನ್ನು ಹುಡುಕುವುದು ಗ್ರಂಥಪಾಲಕನ ಕೆಲಸ. ಅದಕ್ಕೇ ರಂಗನಾಥನ್ ಕಪಾಟುಗಳ ನಡುವೆ ಓದುಗರು ಓಡಾಡಲು ಬಿಡಬೇಕು ಅಂದರು. ಓದುಗನ ಜೊತೆ ನಿಂತು ಮಾತಾಡಿ ಪುಸ್ತಕ ತೋರಿಸುವ ಸಿಬ್ಬಂದಿ ಇರಲೇಬೇಕು ಅಂತ ಹಟ ಹಿಡಿದರು.

ಇಸವಿ ಮತ್ತೊಮ್ಮೆ ನೋಡಿ. 1930ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ‘ಕವಿರಾಜಮಾರ್ಗ’, ಅಂದರೆ ಕಳೆದುಹೋದ ಪುಸ್ತಕಗಳ ಪಟ್ಟಿ. 1931ರಲ್ಲಿ ಅದೇ ವಿಶ್ವವಿದ್ಯಾಲಯದ ಗ್ರಂಥಪಾಲಕರಿಂದ, ಪ್ರತಿ ಪುಸ್ತಕಕ್ಕೂ ಓದುಗನನ್ನು ಹುಡುಕಿಕೊಡಿ ಎನ್ನುವ ಸೂತ್ರ. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದರು, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದರು, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮದ್ರಾಸಿಗೆ 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ನಮಗೆ 1965ರಲ್ಲಿ.

ಹೊತ್ತು ಮಾರಿದವರು

ಕನ್ನಡದ ಕಡೆ ಗ್ರಂಥಾಲಯಕ್ಕೂ ಮೊದಲೇ ಬೇರೆ ಥರದವರು ಇದ್ದರು. ಹಾವೇರಿ ಕಡೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರು ಮನೆ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಜನ ನಂಬಿದ್ದು, ಆ ಭಾರ ಅವರದೇ ಹೆಗಲ ಮೇಲಿದ್ದದ್ದರಿಂದ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದರು. ನಾಟಕ ಬರೆಯುವಾಗ ಅವರು ಜಡಭರತ. ಗ್ರಂಥಮಾಲೆಯ ಲೆಕ್ಕ ಸರಳ: ಚಂದಾ ಕಟ್ಟಿ, ವರ್ಷವಿಡೀ ನಾವು ಆರಿಸಿದ ಪುಸ್ತಕ ಅಂಚೆಯಲ್ಲಿ ಬರುತ್ತೆ. ಯಾವ ಪುಸ್ತಕ ಅಂತ ಓದುಗನಿಗೆ ಮೊದಲೇ ಗೊತ್ತಿರುತ್ತಿರಲಿಲ್ಲ. ಪ್ರಕಾಶಕರ ಅಭಿರುಚಿಗೆ ಜನ ಮುಂಗಡ ದುಡ್ಡು ಕೊಡುತ್ತಿದ್ದರು. ಕೆಟ್ಟ ಪುಸ್ತಕ ಕಳಿಸಿದರೆ ಮುಂದಿನ ವರ್ಷ ಚಂದಾ ಬರೋದಿಲ್ಲ. ಧಾರವಾಡದ ಸುಭಾಸ ರಸ್ತೆಯ ಆ ‘ಅಟ್ಟ’ದಲ್ಲಿ ಕೀರ್ತಿನಾಥ ಕುರ್ತಕೋಟಿಯಂಥವರು ಕೂತು ಓದಿ, ಚರ್ಚಿಸಿ, ಆರಿಸುತ್ತಿದ್ದರು.

1961ರಲ್ಲಿ ಅಲ್ಲಿಂದ ಬಂದದ್ದು ಗಿರೀಶ ಕಾರ್ನಾಡರ ‘ಯಯಾತಿ’. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸದಲ್ಲಿದ್ದರು. ನಮ್ಮ ಹಾಗೆ ಪರ ಊರಿನ ನೌಕರಿಯವರು ಅನ್ನಿ! ‘ಸಂಸ್ಕಾರ’ ಸಿನಿಮಾ ಆದದ್ದು ಅವರಂಥ ಮದ್ರಾಸಿನ ಗೆಳೆಯರ ಗುಂಪಿನಿಂದ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು. ಕಾರ್ನಾಡರೇ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ಮಾಡಿದರು. ಮದ್ರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡದ ಹಲವರು ಅದರಲ್ಲಿದ್ದರು. ಧಾರವಾಡದ ಅಟ್ಟದಿಂದ ಹೊರಟ ಕನ್ನಡ ಕಾದಂಬರಿಯನ್ನು ಮದ್ರಾಸಿನಲ್ಲಿ ಯಾರೋ ಯಾರಿಗೋ ಹೇಳಿದ್ದರಿಂದಲೇ ಇದು ಸಾಧ್ಯವಾಯಿತು.

ಹೆಸರಿದ್ದ ಶಿಫಾರಸು, ಹೆಸರಿಲ್ಲದ ಶಿಫಾರಸು

ಈಗ ನಮ್ಮ ಕಸುಬಿಗೆ ಬರೋಣ. ‘ಕೊಲ್ಯಾಬರೇಟಿವ್ ಫಿಲ್ಟರಿಂಗ್’ ಎಂಬ ಪದ ಬಂದದ್ದು 1992ರಲ್ಲಿ, ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ‘ಟೇಪೆಸ್ಟ್ರಿ’ ಎಂಬ ವ್ಯವಸ್ಥೆಯ ಜೊತೆ. ಆಫೀಸಿನಲ್ಲಿ ಇಮೇಲ್ ಹೊಳೆಯಂತೆ ಬರುತ್ತಿತ್ತು. ಯಾವುದು ಓದಬೇಕು, ಯಾವುದು ಬಿಡಬೇಕು? ಟೇಪೆಸ್ಟ್ರಿಯಲ್ಲಿ ನೀವು ‘ಇಂಥವರು ಯಾವುದಕ್ಕೆ ಉತ್ತರ ಬರೆದಿದ್ದಾರೋ ಅದನ್ನು ನನಗೆ ತೋರಿಸು’ ಅಂತ ಕೇಳಬಹುದಿತ್ತು. ಅಂದರೆ ಮೊದಲ ಆವೃತ್ತಿಯಲ್ಲಿ ಮನುಷ್ಯನ ಹೆಸರಿತ್ತು. ಪಕ್ಕದ ಕ್ಯಾಬಿನ್ನಿನವರ ರುಚಿ ನಿಮಗೆ ಗೊತ್ತು, ಅದಕ್ಕೇ ಅವರನ್ನು ನಂಬಿದಿರಿ.

1994ರಲ್ಲಿ ‘ಗ್ರೂಪ್‌ಲೆನ್ಸ್’ ಬಂತು. ಅದರಲ್ಲಿ ಹೆಸರು ಹೇಳಬೇಕಿಲ್ಲ. ನಿಮ್ಮ ಹಾಗೆ ಅಂಕ ಕೊಟ್ಟ ಅಪರಿಚಿತರನ್ನು ಯಂತ್ರವೇ ಹುಡುಕುತ್ತೆ. 2003ರಲ್ಲಿ ಅಮೆಜಾನಿನವರು ಪ್ರಕಟಿಸಿದ ವಿಧಾನದಲ್ಲಿ ಮನುಷ್ಯನನ್ನೂ ಬದಿಗಿಟ್ಟು, ವಸ್ತುವಿಗೆ ವಸ್ತುವನ್ನೇ ಹೋಲಿಸಿದರು: ಇದನ್ನು ಕೊಂಡವರು ಅದನ್ನೂ ಕೊಂಡರು. 2006ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಊಹೆಯನ್ನು ಶೇ. 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಅಂತ ಸಾರಿತು, 2009ರಲ್ಲಿ ಒಂದು ತಂಡ ಅದನ್ನು ಗೆದ್ದಿತು. ಹೆಜ್ಜೆ ಹೆಜ್ಜೆಗೂ ಲೆಕ್ಕ ಚುರುಕಾಯಿತು, ಹೇಳುವವನ ಮುಖ ಅಷ್ಟಷ್ಟೇ ಮಸುಕಾಯಿತು.

ಇಂಗ್ಲಿಷ್ ಪುಸ್ತಕಕ್ಕೆ ಇದು ಚೆನ್ನಾಗಿ ನಡೆಯುತ್ತೆ, ಯಾಕಂದರೆ ದತ್ತಾಂಶ ದಂಡಿಯಾಗಿದೆ. ಕನ್ನಡಕ್ಕೆ? ಓದುಗರು ಅಡ್ಡಸಾಲು, ಪುಸ್ತಕಗಳು ಕಂಬಸಾಲು ಅಂತ ಒಂದು ದೊಡ್ಡ ಕೋಷ್ಟಕ ಕಲ್ಪಿಸಿಕೊಳ್ಳಿ. ಕನ್ನಡದ ಭಾಗದಲ್ಲಿ ಬಹುತೇಕ ಮನೆಗಳು ಖಾಲಿ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲ. ಒಂದೇ ಕಾದಂಬರಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಥರ ಬರೆದು ಮೂರು ಪುಸ್ತಕ ಅಂತ ಲೆಕ್ಕ ಹಿಡಿದಿರುತ್ತಾರೆ. ನಿಮ್ಮ ಅಜ್ಜಿ ‘ಮಲೆಗಳಲ್ಲಿ ಮದುಮಗಳು’ ಎರಡು ಸಲ ಓದಿದ್ದು ಯಾವ ಸರ್ವರಿಗೂ ಗೊತ್ತಿಲ್ಲ. ಯಾರೂ ಅಂಕ ಕೊಡದ ಪುಸ್ತಕವನ್ನು ಯಂತ್ರ ತೋರಿಸೋದಿಲ್ಲ, ತೋರಿಸದ ಪುಸ್ತಕಕ್ಕೆ ಯಾರೂ ಅಂಕ ಕೊಡೋದಿಲ್ಲ. ಕೊನೆಗೆ ಅದೇ ಹತ್ತು ಜನಪ್ರಿಯ ಪುಸ್ತಕ ತಿರುಗಿ ತಿರುಗಿ ಬರುತ್ತೆ. ಕನ್ನಡ ಓದುಗರ ರುಚಿ ಕಡಿಮೆ ಅಂತ ಇದರಿಂದ ತೀರ್ಮಾನ ಮಾಡಬೇಡಿ. ನಮ್ಮ ಓದು ಕಾಗದದ ಮೇಲೆ, ಕೈಯಿಂದ ಕೈಗೆ ನಡೆದಿದೆ, ಕೋಷ್ಟಕಕ್ಕೆ ಬಂದಿಲ್ಲ ಅಷ್ಟೇ.

ರಂಗನಾಥನ್ ಅವರ ಮೂರನೇ ಸೂತ್ರ ಇಲ್ಲಿ ಬಿದ್ದುಹೋಗುತ್ತೆ. ಮೂಲೆಯ ಪುಸ್ತಕಕ್ಕೆ ಓದುಗನನ್ನು ಹುಡುಕುವವರು ಯಾರೂ ಇಲ್ಲ.

ಪೆರಂಬೂರಿನಲ್ಲಿ

ಹಾಗಾದರೆ ಏನು ಮಾಡೋದು? ನಾನು ಇಲ್ಲಿ ನೋಡಿದ ಒಂದು ಕ್ರಮ ಹೇಳ್ತೀನಿ.

ನಮ್ಮ ಪೇಟೆಯನ್ನು ಕಟ್ಟಿದ್ದು ರೈಲು ಮತ್ತು ಗಿರಣಿ. 1955ರಲ್ಲಿ ಇಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಶುರುವಾದಾಗ ಬೇರೆ ಬೇರೆ ಭಾಷೆಯವರು ಕೆಲಸಕ್ಕೆ ಬಂದರು. ಹಾಗೆ ಬಂದು, ನಿವೃತ್ತರಾಗಿ, ಇಲ್ಲೇ ಉಳಿದ ಕನ್ನಡದ ಹಿರಿಯರೊಬ್ಬರು ನನಗೆ ಪರಿಚಯ. ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಮೂರು ಕಂಬಸಾಲು: ಪುಸ್ತಕದ ಹೆಸರು, ಯಾರು ಹೇಳಿದ್ದು, ಯಾರಿಗೆ ಕೊಟ್ಟೆ. ಅಂಕ ಇಲ್ಲ, ನಕ್ಷತ್ರ ಇಲ್ಲ.

ಮೊದಲ ಸಲ ಹೋದಾಗ ‘ಸಾರ್, ಯಾವುದಾದ್ರೂ ಒಳ್ಳೆ ಪುಸ್ತಕ ಹೇಳಿ’ ಅಂದೆ.

‘ಒಳ್ಳೇದು ಅಂದ್ರೆ ಏನಪ್ಪಾ? ನೀನು ಕೊನೆಗೆ ಪೂರ್ತಿ ಓದಿದ್ದು ಯಾವುದು, ಅರ್ಧಕ್ಕೆ ಬಿಟ್ಟಿದ್ದು ಯಾವುದು, ಅದು ಹೇಳು ಮೊದ್ಲು’ ಅಂದರು.

ಅರ್ಧ ಗಂಟೆ ಇದೇ ವಿಚಾರಣೆ. ಆಮೇಲೆ ಒಳಗಿಂದ ಕಾರಂತರ ‘ಮರಳಿ ಮಣ್ಣಿಗೆ’ ತಂದುಕೊಟ್ಟು, ‘ಇದರಲ್ಲಿ ರಾಮ ಅಂತ ಒಬ್ಬ ಹುಡುಗ ಕರಾವಳಿಯಿಂದ ಓದೋಕೆ ಮದ್ರಾಸಿಗೇ ಬರ್ತಾನೆ. ನಿನಗಿಂತ ಎಷ್ಟೋ ವರ್ಷ ಮುಂಚೆ. ಅವನು ಯಾಕೆ ವಾಪಸ್ ಹೋದ ಅಂತ ಓದಿ ನನಗೆ ಹೇಳು’ ಅಂದರು. ಆ ಒಂದು ಕಾರಣ ನನಗಾಗಿಯೇ ಹೊಲಿಸಿದ ಅಂಗಿಯ ಹಾಗಿತ್ತು. ಶಿವರಾಮ ಕಾರಂತರ ಹೆಸರು ನಾನು ಕೇಳಿರಲಿಲ್ಲವೇ? ಕೇಳಿದ್ದೆ. ‘ಓದಲೇಬೇಕಾದ ನೂರು ಪುಸ್ತಕ’ ಥರದ ಪಟ್ಟಿಗಳಲ್ಲಿ ಇದು ಕಣ್ಣಿಗೂ ಬಿದ್ದಿತ್ತು. ಆದರೆ ಪಟ್ಟಿ ನನ್ನನ್ನು ಏನೂ ಕೇಳಿರಲಿಲ್ಲ. ಇವರು ಕೇಳಿದರು, ಕಾರಣ ಕೊಟ್ಟರು, ಪ್ರತಿ ಕೊಟ್ಟರು, ಓದಿದ ಮೇಲೆ ಬಂದು ಉತ್ತರ ಒಪ್ಪಿಸು ಅಂದರು. ಮುನ್ಸೀಫ್ ಮುದಲಿಯಾರರ ಕ್ರಮವೇ.

ಪೆರಂಬೂರಿನ ಗಿರಣಿ ಕಾರ್ಮಿಕರ ಕಥೆಗೂ ಬಸವನಗುಡಿಯ ಓದುಗರಿಗೂ ಒಂದು ಕೊಂಡಿ ಇದೆ. ಇಲ್ಲಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯವರ ಕಷ್ಟ ಹೇಳಿಕೊಳ್ಳಲು ಸೆಲ್ವಪತಿ ಚೆಟ್ಟಿ ಮತ್ತು ರಾಮಾನುಜುಲು ನಾಯ್ಡು 1918ರ ಏಪ್ರಿಲಿನಲ್ಲಿ ‘ನ್ಯೂ ಇಂಡಿಯಾ’ ಪತ್ರಿಕೆಯ ಕಚೇರಿಗೆ ಹೋಗಿ ಬಿ.ಪಿ. ವಾಡಿಯಾ ಅವರನ್ನು ಕಂಡರು. ಏಪ್ರಿಲ್ 27ಕ್ಕೆ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು, ವಾಡಿಯಾ ಅಧ್ಯಕ್ಷರು. ಅದೇ ವಾಡಿಯಾ ಮುಂದೆ ಬೆಂಗಳೂರಿಗೆ ಬಂದು 1945ರಲ್ಲಿ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದರು. ಬಿ.ಪಿ. ವಾಡಿಯಾ ರಸ್ತೆಯ ಆ ಗ್ರಂಥಾಲಯದಲ್ಲಿ ಕೂತು ಓದಿ ಬೆಳೆದವರು ನಿಮ್ಮಲ್ಲೂ ಕೆಲವರಿರಬೇಕು. ರಸ್ತೆಗೆ ಹೆಸರು ಕೊಟ್ಟವರು ಪೆರಂಬೂರಿನ ಕಾರ್ಮಿಕರ ನಾಯಕರು ಅಂತ ಎಷ್ಟು ಜನಕ್ಕೆ ಗೊತ್ತು?

ಇನ್ನು ಪ್ರತಿಯ ಮಾತು. ಚೆನ್ನೈನವರಿಗೆ ಎಗ್ಮೋರಿನ ಕನ್ನೆಮರಾ ಸಾರ್ವಜನಿಕ ಗ್ರಂಥಾಲಯ ಇದೆ. 1896ರಲ್ಲಿ ತೆರೆದದ್ದು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ದೇಶದ ಯಾವ ಭಾಷೆಯ ಪ್ರಕಾಶಕರೂ ಪುಸ್ತಕ ಪ್ರಕಟವಾದ 30 ದಿನದೊಳಗೆ ಒಂದು ಪ್ರತಿಯನ್ನು ಇಲ್ಲಿಗೆ ಕಳಿಸಬೇಕು. ಎಲ್ಲರೂ ತಪ್ಪದೆ ಕಳಿಸುತ್ತಾರೆ ಅಂತ ನಂಬಬೇಡಿ. ಆದರೂ ಧಾರವಾಡದಲ್ಲೋ ಮೈಸೂರಿನಲ್ಲೋ ಮುದ್ರಣ ಮುಗಿದ ಪುಸ್ತಕ ಬೇಕಾದರೆ ಇಲ್ಲಿ ಒಮ್ಮೆ ವಿಚಾರಿಸಿ.

ಮಾಡಬೇಕಾದ್ದು ದೊಡ್ಡದೇನಲ್ಲ. ‘ಒಳ್ಳೆ ಪುಸ್ತಕ ಹೇಳಿ’ ಅಂತ ಊರಿಗೆಲ್ಲ ಕೇಳಬೇಡಿ. ರುಚಿ ಗೊತ್ತಿರುವ ಒಬ್ಬರನ್ನು ಹಿಡಿಯಿರಿ. ನೀವು ಮೆಚ್ಚಿದ ಎರಡು, ಅರ್ಧಕ್ಕೆ ಬಿಟ್ಟ ಎರಡು ಹೇಳಿ, ಆಮೇಲೆ ಕೇಳಿ. ನೀವೇ ಹೇಳುವಾಗ ಬರೀ ಹೆಸರು ಕಳಿಸಬೇಡಿ, ಆ ಮನುಷ್ಯನಿಗೇ ಹೊಂದುವ ಒಂದು ಕಾರಣ ಬರೆಯಿರಿ. ಸಾಧ್ಯವಾದರೆ ಪ್ರತಿ ಕೊಡಿ. ಯಾರು ಹೇಳಿದರು, ಯಾರಿಗೆ ಕೊಟ್ಟೆ ಅಂತ ಒಂದು ಶೀಟ್ ಇಡಿ. ಎಕ್ಸೆಲ್ ಅಂತೂ ಎಲ್ಲರಿಗೂ ಬರುತ್ತಲ್ಲ.

ಇದರ ಅವಸರ ಯಾಕೆ ಅಂತೀರಾ? ನಾನು ಹೇಳಿದ ಆ ಹಿರಿಯರಿಗೆ ಎಂಬತ್ತು ದಾಟಿದೆ. ಮಕ್ಕಳು ಹೊರದೇಶದಲ್ಲಿದ್ದಾರೆ, ಮೊಮ್ಮಕ್ಕಳಿಗೆ ಕನ್ನಡ ಓದಲು ಬರೋದಿಲ್ಲ. ಮನೆಯಲ್ಲಿ ಸುಮಾರು ನಾನೂರು ಕನ್ನಡ ಪುಸ್ತಕ. ತೂಕಕ್ಕೆ ಹಾಕಿದರೆ ರದ್ದಿಯವನು ಕೊಡುವ ದುಡ್ಡು ಒಂದು ಹೋಟೆಲ್ ಊಟಕ್ಕೆ ಆಗಬಹುದು. ನಾನು ಮತ್ತು ಇಲ್ಲಿನ ಮೂವರು ಗೆಳೆಯರು ಭಾನುವಾರ ಭಾನುವಾರ ಹೋಗಿ ಒಂದೊಂದು ಪುಸ್ತಕವನ್ನೂ ಕೈಗೆತ್ತಿಕೊಂಡು, ಇದನ್ನು ನಿಮಗೆ ಯಾರು ಹೇಳಿದ್ದು, ಇದು ಯಾರಿಗೆ ಸೇರಬೇಕು ಅಂತ ಕೇಳಿ ಬರೆದುಕೊಳ್ಳುತ್ತಿದ್ದೀವಿ. ಇಲ್ಲಿಯವರೆಗೆ ನೂರಾ ಹತ್ತು ಆಗಿದೆ. ಮೂರನೇ ಕಂಬಸಾಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಮನೆ ಖಾಲಿ.

ನಿಮ್ಮ ಊರಿನಲ್ಲೂ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥ ಒಂದು ಕಪಾಟು ಇದ್ದೇ ಇರುತ್ತೆ. ಈ ವಾರ ಹೋಗಿ ಒಮ್ಮೆ ಬಾಗಿಲು ತಟ್ಟಿ. ಮುಂದಿನ ಮಾತಿನಲ್ಲಿ ಸಿಗೋಣ.